ರತ್ನಾವತಿಯವರ ಬೆಲ್ಲ-ನೀರು

ಉಡುಪಿಯ ರತ್ನಾವತಿ ಮದುವೆಯಾಗಿ ಮುಂಬೈ ಪಕ್ಕದ ಸಾನಪಾಡಾಕ್ಕೆ ಬಂದು ನಲವತ್ತು ವರ್ಷವಾಯಿತು. ಮನೆಗೆ ಯಾರೇ ಬರಲಿ, ಅಂಚೆಯವನಾದರೂ ಸರಿ, ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಡದೆ ಅವರು ಮಾತಿಗೆ ಶುರುಮಾಡಿದವರಲ್ಲ. ಮನುಷ್ಯರನ್ನು ಅಳೆಯಲು ಅವರಲ್ಲಿದ್ದದ್ದೂ ಅದೊಂದೇ ಅಳತೆ.

ಈಚೆಗೆ ಮೊಮ್ಮಗಳು ಮಾನಸಿಯ ಜೊತೆ ಕೂತು ಸ್ವೀಡನ್ನಿನ ಪತ್ತೇದಾರಿ ಸೀರಿಯಲ್ಲೊಂದನ್ನು ನೋಡತೊಡಗಿದರು. ಹಿಮ ಬೀಳುವ ಊರಲ್ಲಿ ಒಂದರ ಹಿಂದೊಂದು ಕೊಲೆ. ಇಬ್ಬರು ಪೊಲೀಸರು ಮನೆಮನೆಗೆ ಹೋಗಿ ವಿಚಾರಿಸುತ್ತಾರೆ. ಎರಡನೇ ಕಂತಿನಲ್ಲೇ ರತ್ನಾವತಿ ತೀರ್ಪು ಕೊಟ್ಟರು: "ಆ ಮೀನುಗಾರನೇ ಕೊಂದದ್ದು. ಅಷ್ಟು ಚಳಿಯಲ್ಲಿ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿದ. ನೀರು ಬೇಕಾ ಅಂತ ಸಹ ಕೇಳ್ಲಿಲ್ಲ ಮಾರಾಯ್ತಿ."

"ಅಜ್ಜಿ, ಅಭೀ ಛೇ ಎಪಿಸೋಡ್ ಬಾಕಿ ಹೈ," ಎಂದಳು ಮಾನಸಿ. ಇನ್ನೂ ಆರು ಕಂತು ಉಳಿದಿದ್ದವು.

ಎಂಟನೆಯದರಲ್ಲಿ ಕೊಲೆಗಾರ ಸಿಕ್ಕಿಬಿದ್ದ. ಮೀನುಗಾರನಲ್ಲ, ಪೊಲೀಸರು ಹೋದಾಗಲೆಲ್ಲ ಒಳಗೆ ಕರೆದು ಬಿಸಿ ಕಾಫಿ, ಕೇಕು ಕೊಟ್ಟು ಉಪಚರಿಸಿದ ಮೇಷ್ಟ್ರು. ರತ್ನಾವತಿಗೆ ಸಿಟ್ಟು ನೆತ್ತಿಗೇರಿತು. "ಈ ಕಥೆ ಬರೆದವನ ಮನೆಗೆ ಬಂದುಹೋಗುವವರು ಯಾರೂ ಇಲ್ಲ ಅಂತ ಕಾಣ್ತದೆ," ಎಂದು ಟಿವಿ ಆರಿಸಿದರು.

ಮರುದಿನ ಮಾನಸಿಯ ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸಿನವನು ಬಂದ. ಅಭ್ಯಾಸಬಲದಿಂದ ನೀರು, ಬೆಲ್ಲ ತಟ್ಟೆಯಲ್ಲಿಟ್ಟುಕೊಂಡು ಹೊರಟ ರತ್ನಾವತಿ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಒಂದು ಗಳಿಗೆ ಯೋಚಿಸಿದರು. ಆಮೇಲೆ ಬೆಲ್ಲವನ್ನು ಡಬ್ಬಿಗೆ ವಾಪಸು ಹಾಕಿ, ಬರೀ ನೀರು ಕೊಂಡುಹೋಗಿ ಕೊಟ್ಟರು. ಸುಮ್ಮನೆ ಅವನಿಗೆ ಸಂಶಯ ಬರಬಾರದಲ್ಲ.