ಹೋಳಿಗೆಗೆ ಅಡ್ಡ ಹಿಡಿದ ಕೈ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ಒಂದು ಭಾಗಾಕಾರದ ಮುಂದೆ ಅಳು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆ ದಿನ ಆಸ್ಪತ್ರೆಯಲ್ಲಿ ಬಂದದ್ದು ಅಳುವೇ. ಅದಕ್ಕೂ ಮೊದಲು ಸಿಟ್ಟು ಬಂದಿತ್ತು, ಆ ಮಾತು ಬೇರೆ.

ನನ್ನ ತಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಚಾಮರಾಜಪೇಟೆಯ ನಮ್ಮ ತವರುಮನೆಯಲ್ಲೇ ಅವನ ಸಂಸಾರ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿ, ಹಿಂಡಿ ಹಾಕಿದ ಬಟ್ಟೆಯ ಹಾಗೆ ಮನೆಗೆ ಬರುತ್ತಿದ್ದ. ಅವನದೂ ನನ್ನದೂ ಒಂದೇ ರಕ್ತದ ಗುಂಪು. ನಾನು ಕೊಡುತ್ತೇನೆ ಎಂದು ಒಮ್ಮೆ ಬಾಯಿ ತೆಗೆದಾಗ, "ಸುಮ್ನಿರು ಅಕ್ಕ, ಆ ಮಾತೇ ಎತ್ಬೇಡ" ಎಂದು ಎದ್ದು ಹೋಗಿದ್ದ. ಹಾಗಾಗಿ ಅವನಿಗೆ ಹೇಳದೆ, ಅವನ ಹೆಂಡತಿಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ನನ್ನ ಶಿಷ್ಯೆಯರ ವಯಸ್ಸಿನ ಹುಡುಗಿ. ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಗೋಡೆಗೆ ಒರಗಿಸಿ ಎತ್ತರ ಅಳೆಸಿದಳು. ಎಪ್ಪತ್ತೆರಡು ಕೇಜಿ, ಒಂದೂವರೆ ಮೀಟರು. ಎತ್ತರಕ್ಕೆ ತೂಕ ಹೆಚ್ಚೇ ಎಂದು ತಿಳಿಯಲು ತೂಕವನ್ನು ಎತ್ತರದಿಂದ ಭಾಗಿಸಿ, ಬಂದದ್ದನ್ನು ಮತ್ತೊಮ್ಮೆ ಎತ್ತರದಿಂದಲೇ ಭಾಗಿಸಬೇಕಂತೆ. ಅವಳು ಫೋನು ತೆಗೆಯುವ ಮೊದಲೇ ನಾನು ಬಾಯಿಲೆಕ್ಕದಲ್ಲಿ ಹೇಳಿದೆ: ಮೂವತ್ತೆರಡು. ಹೇಳುವಾಗ ಜಂಬವೂ ಇತ್ತು ಅನ್ನಿ.

"ಅದೇ ತೊಂದ್ರೆ ಮೇಡಂ," ಅಂದಳು. "ನಮ್ಮ ಕಡೆಯವ್ರಿಗೆ ಇಪ್ಪತ್ಮೂರು ದಾಟಿದ್ರೇ ಜಾಸ್ತಿ. ಮೂವತ್ತರ ಕೆಳಗಾದ್ರೂ ಬನ್ನಿ, ಆಮೇಲೆ ಮಿಕ್ಕ ಟೆಸ್ಟ್ ಮಾಡೋಣ. ಕೊಟ್ಮೇಲೆ ನಿಮ್ಮ ಹತ್ರ ಒಂದೇ ಕಿಡ್ನಿ ಉಳಿಯತ್ತೆ. ನಾಳೆ ಬೀಪಿ, ಶುಗರು ಬಂದ್ರೆ ಅದೊಂದೇ ತಡ್ಕೋಬೇಕು. ನಿಮ್ಮ ತಮ್ಮನ್ನ ಉಳ್ಸೋಕೆ ಹೋಗಿ ನಿಮ್ಮನ್ನ ಪೇಷೆಂಟ್ ಮಾಡಕ್ಕಾಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಮನುಷ್ಯನಿಗೆ ಉದ್ದ, ಅಗಲ, ದಪ್ಪ ಮೂರೂ ಇರುವಾಗ ಎತ್ತರದಿಂದ ಎರಡೇ ಸಲ ಭಾಗಿಸುವುದು ಯಾವ ಸೀಮೆ ಗಣಿತ ಎಂದು ಜಗಳಕ್ಕೇ ನಿಂತೆ. ನನ್ನ ತಮ್ಮನನ್ನೇ ನೋಡಿ, ಹುಟ್ಟಿನಿಂದ ಕಡ್ಡಿ, ಅವನ ಲೆಕ್ಕ ಎಂದೂ ಇಪ್ಪತ್ತೊಂದು ದಾಟಿದ್ದಿಲ್ಲ, ಕಿಡ್ನಿ ಹೋದದ್ದು ಅವನದೇ ಅಲ್ಲವೇ? ಹುಡುಗಿ ಸಿಟ್ಟಾಗಲಿಲ್ಲ. "ಅದು ಅಂದಾಜು ಮೇಡಂ. ಬೀದಿ ತೋರ್ಸತ್ತೆ, ಮನೆ ನಂಬರ್ ಹೇಳಲ್ಲ. ಸೊಂಟದ ಸುತ್ತಳತೆ ನೋಡ್ಬೇಕು, ಬೀಪಿ ನೋಡ್ಬೇಕು, ಎಲ್ಲಾ ನೋಡ್ತೀವಿ. ಆದ್ರೆ ನೀವು ನಿಂತಿರೋ ಬೀದಿ ಸರಿಯಿಲ್ಲ" ಅಂದಳು. ಉಪವಾಸ ಗಿಪವಾಸ ಮಾಡಬೇಡಿ, ನಿಧಾನವಾಗಿ ಇಳಿಸಿ ಎಂದೂ ಹೇಳಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ. ತಮ್ಮನ ಹೆಂಡತಿ ಪಕ್ಕದಲ್ಲಿ ಕೂತು ಸೆರಗಿನಿಂದ ನನ್ನ ಕಣ್ಣೊರೆಸಿದಳು. ನನ್ನ ತೂಕ ಇಳಿಯುವವರೆಗೆ ಅವನಿಗೆ ಹೇಳುವುದು ಬೇಡ, ಆಸೆ ಹುಟ್ಟಿಸಿ ಕೊನೆಗೆ ಆಗುವುದಿಲ್ಲ ಅನ್ನುವ ಹಾಗೆ ಆಗಬಾರದು ಎಂದು ಇಬ್ಬರೂ ಮಾತಾಡಿಕೊಂಡೆವು.

ಬಸವನಗುಡಿಯಲ್ಲಿದ್ದುಕೊಂಡು ತೂಕ ಇಳಿಸುವುದೆಂದರೆ ಹುಡುಗಾಟವೇ? ಬೆಳಿಗ್ಗೆ ಪಾರ್ಕಿನಲ್ಲಿ ಬೆವರು ಸುರಿಸಿ ನಡೆದವರೆಲ್ಲ ನೆಟ್ಟಗೆ ದೋಸೆಗೆ ಕ್ಯೂ ನಿಲ್ಲುವ ಊರು ಇದು. ನಾನೂ ಅದೇ ಕ್ಯೂನಲ್ಲಿ ವರ್ಷಗಟ್ಟಲೆ ನಿಂತವಳೇ. ಈಗ ಆ ರಸ್ತೆ ಬಿಟ್ಟು ಸುತ್ತಿ ಬರತೊಡಗಿದೆ. ತಟ್ಟೆಯಲ್ಲಿ ಅನ್ನ ಅರ್ಧವಾಯಿತು, ಪಲ್ಯ ಎರಡರಷ್ಟಾಯಿತು, ಸಂಜೆಯ ಕೋಡುಬಳೆ ಡಬ್ಬಿ ಮನೆಯಿಂದಲೇ ಹೋಯಿತು. ತೂಕ ಮೊದಲು ಬೇಗ ಇಳಿಯಿತು, ಆಮೇಲೆ ಮುಳ್ಳು ಅಲುಗಾಡಲೇ ಇಲ್ಲ. ಹಸಿವಿಗಿಂತ ಹೆಚ್ಚಾಗಿ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಅವನು ಪ್ರತಿ ವಾರವೂ ಒಂದಿಷ್ಟು ಸೊರಗುತ್ತಿದ್ದ.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಮದುವೆಯಾದ ಹೆಣ್ಣುಮಗಳು ಹಬ್ಬಕ್ಕೆ ತವರಿಗೆ ಹೋಗಬೇಕು, ಬಾಗಿನ ಇಸಕೊಳ್ಳಬೇಕು, ಹೊಟ್ಟೆ ತುಂಬ ಉಣ್ಣಬೇಕು. ಅಮ್ಮ ಹೋದ ಮೇಲೆ ಬಡಿಸುವುದು ತಮ್ಮನೇ. ನಮ್ಮ ಮನೆಯ ಬಡಿಸುವಿಕೆ ಹೇಗೆಂದರೆ ಕೇಳುವ ಪದ್ಧತಿಯೇ ಇಲ್ಲ. ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲಾದರೂ ಎಲೆಗೆ ಬೀಳುತ್ತದೆ. ಅವನು ತಾನು ಮಾತ್ರ ಉಪ್ಪಿಲ್ಲದ ಪಲ್ಯ ತಿಂದು, ಅಳತೆಯ ನೀರು ಕುಡಿದು, ಡಯಾಲಿಸಿಸ್ ಸೂಜಿಯಿಂದ ಗಂಟುಗಂಟಾದ ಕೈಯಲ್ಲಿ ಹೋಳಿಗೆ ತಟ್ಟೆ ಹಿಡಿದು ಬಂದ.

ಒಂದು ಹೋಳಿಗೆ ತಿಂದೆ. ಎರಡನೆಯದಕ್ಕೆ ಎರಡೂ ಕೈ ಅಡ್ಡ ಹಿಡಿದೆ. ಅವನು ಕೈ ಸರಿಸಿ ಹಾಕಿಯೇಬಿಟ್ಟ. ನಾನು ಮುಟ್ಟಲಿಲ್ಲ.

"ಏನಕ್ಕ ಇದು? ಎಲೆ ಮೇಲೆ ಹೋಳಿಗೆ ಬಿಟ್ಟು ಏಳ್ತೀಯಾ?"

"ಸಾಕು ಕಣೋ. ಆಗಲ್ಲ."

"ಡಯಟ್ಟು! ಈ ವಯಸ್ಸಲ್ಲಿ ಯಾರಿಗೆ ತೋರ್ಸ್ಬೇಕಾಗಿದೆ?" ನಗುತ್ತಲೇ ಶುರುಮಾಡಿದವನ ದನಿ ಒಡೆಯಿತು. "ನಾನಂತೂ ತಿನ್ನೋ ಹಾಗಿಲ್ಲ. ನಿನಗೆ ಬಡ್ಸೋದೊಂದು ಉಳ್ಕೊಂಡಿತ್ತು. ಮುಂದಿನ ಗೌರಿಗೆ ನಾನಿರ್ತೀನೋ ಇಲ್ವೋ, ಅದನ್ನೂ ಬೇಡ ಅಂತೀಯಲ್ಲ."

ನನ್ನ ಬಾಯಿ ನಿಲ್ಲಲಿಲ್ಲ. "ಮುಚ್ಚೋ ಬಾಯಿ! ನೀನಿರ್ಬೇಕು ಅಂತಾನೇ ಕಣೋ ಬೇಡ ಅಂತಿರೋದು. ನನ್ನ ಕಿಡ್ನಿ ನಿನಗೆ ಕೊಡ್ಬೇಕು ಅಂದ್ರೆ ಈ ದರಿದ್ರ ತೂಕ ಇಳೀಬೇಕಂತೆ. ಇನ್ನೂ ಎರಡು ಕೇಜಿ ಇದೆ. ಈಗ ಹೇಳು, ತಿನ್ನು ಅಂದ್ರೆ ತಿಂತೀನಿ."

ಒಳಗೆ ಅವನ ಹೆಂಡತಿ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಅವನು ತುಪ್ಪ ಬಡಿಸಲು ಎತ್ತಿಕೊಂಡಿದ್ದ ಮಿಳ್ಳೆಯನ್ನು ಕೆಳಗಿಟ್ಟ. ಆಮೇಲೆ ಬಗ್ಗಿ, ನನ್ನ ಎಲೆಯ ಮೇಲಿದ್ದ ಹೋಳಿಗೆಯನ್ನು ಎತ್ತಿಕೊಂಡ. ಹಬ್ಬದ ದಿನ, ತವರಿಗೆ ಬಂದ ಮಗಳ ಎಲೆಯಿಂದ ಬಡಿಸಿದ್ದನ್ನು ವಾಪಸ್ಸು ತೆಗೆಯುವುದನ್ನು ನಮ್ಮ ಮನೆಯಲ್ಲಿ ನಾನು ಕಂಡಿದ್ದಿಲ್ಲ, ಕೇಳಿದ್ದೂ ಇಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಅತ್ತ.

ಮಾರನೆಯ ಬೆಳಿಗ್ಗೆ ಬಸವನಗುಡಿಯ ನಮ್ಮ ಮನೆಯ ಗೇಟಿನ ಹತ್ತಿರ ಆಟೋ ನಿಂತಿತು. ಇಳಿದ ತಮ್ಮ, "ವಾಕಿಂಗ್ ಹೋಗಲ್ವಾ, ನಡಿ" ಅಂದ. ಬೇಡ ಎಂದಾಗಲಿ ಬೇಕು ಎಂದಾಗಲಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಬಂದು, ನಾನು ಸುತ್ತು ಹಾಕುವಷ್ಟು ಹೊತ್ತೂ ಪಾರ್ಕಿನ ಬೆಂಚಿನ ಮೇಲೆ ಕೂತು, "ಬೇಗ ನಡಿಯೇ" ಎಂದು ರೇಗಿಸುತ್ತಿದ್ದ.

ನನ್ನ ಕಿಡ್ನಿ ಈಗ ಅವನಲ್ಲಿದೆ, ಚೆನ್ನಾಗಿದೆ. ನನಗೆ ಉಳಿದ ಒಂದಕ್ಕಾಗಿ ಈ ನಡಿಗೆ, ಈ ಅರ್ಧ ಅನ್ನ ಇನ್ನು ಮುಗಿಯುವಂಥದ್ದಲ್ಲ. ಆ ಲೆಕ್ಕದ ಮೇಲೆ ನನಗೆ ಈಗಲೂ ಗೌರವವಿಲ್ಲ. ಆದರೂ ತಿಂಗಳಿಗೊಮ್ಮೆ ತೂಕ ನೋಡಿ, ಬಾಯಿಲೆಕ್ಕದಲ್ಲೇ ಎರಡು ಸಲ ಭಾಗಿಸಿಕೊಳ್ಳುತ್ತೇನೆ.

ಈ ವರ್ಷದ ಗೌರಿಗೂ ತವರಿಗೆ ಹೋಗಿದ್ದೆ. ಎಲೆಗೆ ಒಂದು ಹೋಳಿಗೆ ಬಿತ್ತು. ತುಪ್ಪದ ಮಿಳ್ಳೆ ಹಿಡಿದು ಬಗ್ಗಿದ ತಮ್ಮ, ಸುರಿಯದೆ ಹಾಗೇ ನಿಂತ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ನನ್ನನ್ನು ಯಾರೂ ಕೇಳದಿದ್ದ ಮಾತನ್ನು ಕೇಳಿದ.

"ಹಾಕ್ಲಾ, ಅಕ್ಕ?"

"ಹಾಕೋ," ಅಂದೆ.