ಬದನೆ ಎಲೆಯ ಗೂಡು

ಶಿವಾಜಿನಗರದ ಆ ಮನೆಯ ಮಹಡಿಯಲ್ಲಿ ನನ್ನದೊಂದು ಬಾಡಿಗೆ ಕೋಣೆ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ. ಕೋಣೆಯ ಮುಂದಿನ ತಾರಸಿಯಲ್ಲಿ, ಹಳೆಯ ಪೇಂಟ್ ಡಬ್ಬದೊಳಗೆ ಬದನೆ ಗಿಡ ಹಾಕಿದ್ದೆ. ಕಾಯಿ ಬಿಡುವ ಮೊದಲೇ ಅದಕ್ಕೊಂದು ಟುವ್ವಿಹಕ್ಕಿ ಬಂತು.

ಮುಷ್ಟಿಯೊಳಗೆ ಅಡಗುವಷ್ಟು ಹಕ್ಕಿ. ನೆತ್ತಿ ಕೆಂಚು, ಬೆನ್ನು ಹಸಿರು, ಬಾಲ ಸದಾ ನೆಟ್ಟಗೆ. ಬೆಳಗಾಗುತ್ತಲೇ ಅದು ‘ಟುವ್ವಿ ಟುವ್ವಿ’ ಎಂದು ಶುರು ಮಾಡಿದರೆ ಆಟೋ ಹಾರ್ನುಗಳೂ ಅದರ ಮುಂದೆ ಸಪ್ಪೆ. ಅಗಲದ ಎರಡು ಎಲೆಗಳ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ಜೇಡರ ಬಲೆಯ ಎಳೆ, ಹತ್ತಿ ತೂರಿಸಿ ಚೀಲದಂತೆ ಹೊಲಿದುಕೊಂಡಿತು. ಒಳಗೆ ಮೂರು ಮೊಟ್ಟೆ.

ಕೆಳಗಿದ್ದ ಮನೆಯೊಡತಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಕಲಬುರಗಿಯವಳಾದ ನನಗೆ ಅವರ ದಖನಿ ಉರ್ದು ಹೊಸದೇನಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, “ಖಾಲಾ, ಗೂಡು ಸ್ವಲ್ಪ ನೋಡ್ಕೊಳ್ರಿ, ಬೆಕ್ಕು ಬರ್ತದ” ಅಂದೆ.

“ಫಿಕರ್ ಮಾಡ್ಬೇಡ ಬೇಟಿ.”

ಸಂಜೆ ಬಂದು ನೋಡಿದರೆ ತಾರಸಿಯಲ್ಲಿ ಗಿಡವೇ ಇಲ್ಲ! ಕೆಳಗೆ ಅವರ ಅಡುಗೆಮನೆಯಲ್ಲಿತ್ತು. ಮೇಲೆ ಪ್ಲಾಸ್ಟಿಕ್ ಬುಟ್ಟಿ ಮುಚ್ಚಿತ್ತು.

“ಯಾಕ ತಂದ್ರಿ ಖಾಲಾ? ತಾಯಿ ಹೆಂಗ ಒಳಗ ಬರ್ಬೇಕು?”

“ಬೆಕ್ಕು ಎರಡು ಸಲ ಬಂತು. ಎಷ್ಟು ಸಲ ಮೆಟ್ಟಿಲು ಹತ್ಲಿ? ನೀನೇ ತಾನೆ ನೋಡ್ಕೋ ಅಂದಿದ್ದು?”

ನೋಯುವ ಮೊಣಕಾಲಲ್ಲೇ ಆ ಭಾರದ ಡಬ್ಬ ಹೊತ್ತು ಇಳಿದಿದ್ದರು. ಬುಟ್ಟಿ ತೆಗೆದು ಬದಿಗಿಟ್ಟೆ. ಡಬ್ಬವನ್ನು ಎತ್ತಿ ಮೊದಲಿನ ಜಾಗದಲ್ಲೇ ಇಟ್ಟೆ.

ಮರುದಿನ ಹಕ್ಕಿ ಬಂದು ಬಟ್ಟೆ ಒಣಹಾಕುವ ಹಗ್ಗದ ಮೇಲೆ ಕೂತಿತು. ಎಲೆಯವರೆಗೂ ಹಾರಿತು, ಒಳಗೆ ಇಣುಕಿತು, ಹೋಯಿತು. ಈಗ ಕೂರುತ್ತದೆ, ಇನ್ನೊಂದು ನಿಮಿಷ, ಎಂದು ಕಾಯುತ್ತಾ ಅಂಗಡಿಗೆ ತಡವಾಗಿ ಬೈಸಿಕೊಂಡೆ. ಮೂರನೆಯ ದಿನ ಅದು ಬರಲೇ ಇಲ್ಲ. ಮೊಟ್ಟೆ ಮುಟ್ಟಿದರೆ ತಣ್ಣಗಿದ್ದವು.

ಖಾಲಾ ದಿನಾ ಮೆಟ್ಟಿಲ ಕೆಳಗಿಂದ “ಬಂತಾ?” ಎಂದು ಕೇಳುತ್ತಿದ್ದರು. ನಾಲ್ಕನೆಯ ದಿನ, “ಇನ್ನ ಕೇಳಬ್ಯಾಡ್ರಿ!” ಎಂದು ಕಿರುಚಿದೆ. ಆಮೇಲೆ ಅವರು ಕೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಅವರು ಕೇಳದೇ ಇದ್ದದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ.

ವಾರ ಕಳೆದ ಮೇಲೆ ಪಕ್ಕದ ಕಾಂಪೌಂಡಿನ ಬಾದಾಮಿ ಮರದಲ್ಲಿ ಟುವ್ವಿಯೊಂದು ಕೂಗಿತು. ತಾರಸಿಯ ಯಾವ ಮೂಲೆಗೆ ಹೋಗಿ ಇಣುಕಿದರೂ ಕಾಣಲಿಲ್ಲ. ಖಾಲಾ ಮೊಣಕಾಲು ಹಿಡಿದುಕೊಂಡು ಮೇಲೆ ಹತ್ತಿ ಬಂದಿದ್ದರು.

“ಅದೇನಾ ಬೇಟಿ?”

ನನಗೇನು ಗೊತ್ತು? “ಹೌದ್ರಿ ಖಾಲಾ, ಅದೇ” ಅಂದೆ.