ಪುತಳಾಬಾಯಿಯ ಮೂರನೆಯ ಹೆಸರು

ಭಾಲ್ಕಿಯ ಸೌಂದರ್ಯಾಳಿಗೆ ಮೂರು ಹೆಸರು. ಠಾಣಾ ಕುಶನೂರಿನ ತವರಿನಲ್ಲಿ ಅಜ್ಜಿಯ ಹೆಸರನ್ನೇ ಇಟ್ಟು ಪುತಳಾಬಾಯಿ ಎಂದು ಕರೆದರು. ಅದೇ ಹೆಸರಲ್ಲಿ ಅವಳು ಔರಾದದಲ್ಲಿ ಬಿ.ಎ. ಮುಗಿಸಿದಳು. ಅಂಕಪಟ್ಟಿ, ಪ್ಯಾನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲದರಲ್ಲೂ ಅದೇ. ಮದುವೆಯಾಗಿ ಭಾಲ್ಕಿಗೆ ಬಂದರೆ ಅತ್ತೆಯ ಹೆಸರೂ ಪುತಳಾಬಾಯಿ! ಗಂಡ ದಿಲೀಪ ಹೆಂಡತಿಯನ್ನು ಕೂಗಿದರೆ ತಾಯಿ ಓಗೊಡಬೇಕೆ? ಈ ಕಡೆಯ ಪದ್ಧತಿಯಂತೆ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆಸಿದರು. ಆರಿಸಿದವಳು ಅತ್ತೆ. ಹುಡುಗಿಯ ಮೂಗು ತುಸು ದಪ್ಪ ಎಂದು ನೆಂಟರು ಆಡಿಕೊಂಡಿದ್ದರು. ಸೌಂದರ್ಯಾ ಎಂದಿಟ್ಟು ಅವರ ಬಾಯಿಗೂ ಬೀಗ ಹಾಕಿದಳು. ವಕೀಲನಿಲ್ಲ, ಅಫಿಡವಿಟ್ಟಿಲ್ಲ, ಒಂದು ಹಿಡಿ ಅಕ್ಕಿಯಲ್ಲಿ ಒಬ್ಬಳು ಹೋಗಿ ಇನ್ನೊಬ್ಬಳು ಬಂದಳು. ಮರುದಿನ ಆ ಅಕ್ಕಿಯನ್ನು ಅನ್ನ ಮಾಡಿ ಉಂಡರು.

ಮೂರನೆಯ ಹೆಸರು ಪ್ರಣಿತಾ. ಅದನ್ನು ಮಾತ್ರ ಅವಳೇ ಇಟ್ಟುಕೊಂಡದ್ದು.

ಬೆಂಗಳೂರಿನ ಕಂಪನಿಯೊಂದು ಹೆಂಗಸರಿಗಾಗಿ ಒಂದು ಆ್ಯಪ್ ನಡೆಸುತ್ತದೆ. ಓದುಗರು ಮನೆಯ ಜಗಳ ಬರೆದು ಕಳಿಸುತ್ತಾರೆ, ಪ್ರಣಿತಾ ಉತ್ತರ ಕೊಡುತ್ತಾಳೆ. ಮಾಳಿಗೆಯ ಕೋಣೆ, ಹಳೆಯ ಲ್ಯಾಪ್‌ಟಾಪು, ಮಧ್ಯಾಹ್ನದ ಮೂರು ತಾಸು. ದಿಲೀಪನಿಗೆ ಅದು 'ಟೈಪಿಂಗ್ ಕೆಲಸ'. ನಿಜ ಹೇಳುವಂತೆಯೂ ಇರಲಿಲ್ಲ. ಭಾಲ್ಕಿಯಲ್ಲಿ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸೀನಿದರೆ ಸಂಜೆಯೊಳಗೆ ಮನೆಗೆ ನಾಲ್ಕು ಕಷಾಯದ ಸಲಹೆ ಬರುತ್ತವೆ. ಮೇಲಾಗಿ ಪ್ರಣಿತಾಳ ಉತ್ತರಗಳಿಗೆ ಸರಕು ಸಿಗುತ್ತಿದ್ದದ್ದೇ ಕೆಳಗಿನ ಅಡಿಗೆಮನೆಯಿಂದ. 'ನಿಮ್ಮ ಅತ್ತೆ ಬೆಲ್ಲದ ಡಬ್ಬಿಗೆ ಕೀಲಿ ಹಾಕುತ್ತಾರೆಯೇ? ನನ್ನ ಪರಿಚಯದ ಅತ್ತೆಯೊಬ್ಬರು ದೇವರ ಜಗಲಿಯ ಹಿಂದೆ ಬೆಲ್ಲ ಬಚ್ಚಿಟ್ಟು, ಖಾಲಿಯಾದಾಗ ದೇವರು ತಿಂದ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಇರುವುದು ಮಾತ್ರ ದೇವರಿಗಲ್ಲ.' ಇದನ್ನು ನಲವತ್ತು ಸಾವಿರ ಜನ ಓದಿದರು. ಪರಿಚಯದ ಅತ್ತೆ ಓದಲಿಲ್ಲ, ಅವಳಿಗೆ ಅಕ್ಷರ ಬರುವುದಿಲ್ಲ.

ಸೌಂದರ್ಯಾ ಒಂದೇ ಒಂದು ದಡ್ಡತನ ಮಾಡಿದ್ದಳು. ಕಂಪನಿಯ ಕರಾರಿಗೂ ಪ್ರಣಿತಾ ಎಂದೇ ಸಹಿ ಹಾಕಿದ್ದಳು. ಎರಡು ವರ್ಷ ಯಾರೂ ಕೇಳಲಿಲ್ಲ. ಹೊಸದಾಗಿ ಬಂದ ಅಧಿಕಾರಿಯೊಬ್ಬ ಕೇಳಿದ: ಬರೆಯುವವಳು ಪ್ರಣಿತಾ, ಸಂಬಳ ಹೋಗುವುದು ಪುತಳಾಬಾಯಿಗೆ, ಯಾರಿವರು? ಇಬ್ಬರೂ ನಾನೇ ಎಂದು ಅವಳು ಉತ್ತರ ಬರೆದಳು. ಹಾಗಾದರೆ ನಮ್ಮವರು ಮನೆಗೆ ಬಂದು ನೋಡುತ್ತಾರೆ, ಇಲ್ಲವಾದರೆ ಕೆಲಸ ನಿಲ್ಲಿಸುತ್ತೇವೆ ಎಂದರು. ಅತ್ತೆ ಗುರುವಾರ ಮಠಕ್ಕೆ ಹೋಗುತ್ತಾಳೆ. ಗುರುವಾರ ಹನ್ನೊಂದಕ್ಕೆ ಬನ್ನಿ ಎಂದು ತಿಳಿಸಿದಳು.

ಕಂಪನಿಯಿಂದ ನೋಡಲು ಬರಬೇಕಿದ್ದ ಮನುಷ್ಯನಿಗೆ ಗುರುವಾರ ಔರಾದದ ಕಡೆ ಕೆಲಸ ಬಿತ್ತು. ಅಲ್ಲಿಂದ ತಿರುಗಿ ಬರುವ ಬಸ್ಸನ್ನು ನಂಬದೆ ಬುಧವಾರವೇ ಭಾಲ್ಕಿಗೆ ಬಂದುಬಿಟ್ಟ. ಸೌಂದರ್ಯಾ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋಗಿದ್ದಳು.

"ಪುತಳಾಬಾಯಿ ಯಾರ್ರಿ?"

"ನಾನೇ ಇದ್ದೇನಿ," ಎಂದಳು ಅತ್ತೆ.

ಇಲ್ಲಿ ಒಂದು ಹಳೆಯ ಗಾಯದ ಮಾತು ಹೇಳಬೇಕು. ನಾಲ್ಕು ವರ್ಷದ ಹಿಂದೆ ಕೈಯಲ್ಲಿ ಕಾಗದ ಹಿಡಿದು ಹೀಗೇ ಒಬ್ಬ ಬಂದಿದ್ದ. ಸಾಲ ವಸೂಲಿಯವನೇನೋ ಎಂದು ಅತ್ತೆ 'ಪುತಳಾಬಾಯಿ ಇಲ್ರಿ' ಎಂದುಬಿಟ್ಟಳು. ಅವನು ಪಿಂಚಣಿಯವನು, 'ಇಲ್ಲ' ಎಂದೇ ಬರೆದುಕೊಂಡು ಹೋದ. ತಾನು ಸತ್ತಿಲ್ಲವೆಂದು ತೋರಿಸಲು ಅವಳಿಗೆ ಎಂಟು ತಿಂಗಳು ಹಿಡಿಯಿತು. ಅಂದಿನಿಂದ ಕಾಗದ ಹಿಡಿದು ಬಂದವರು ಏನು ಕೇಳಿದರೂ ಅವಳದು ಒಂದೇ ಉತ್ತರ.

"ಪ್ರಣಿತಾ ಅನ್ನೋರೂ ನೀವೇ ಏನ್ರಿ?"

"ಹೌದ್ರಿ."

"ಮನಿಯಿಂದನೇ ಕೆಲಸ ಮಾಡ್ತೀರಿ?"

"ಮತ್ತ ಈ ವಯಸ್ಸಿನಾಗ ಹೊಲಕ್ಕ ಹೋಗ್ಲೇನಪ್ಪ?"

ರೇಷನ್ ಕಾರ್ಡು ತೋರಿಸಿದಳು. ಅದರಲ್ಲಿ ಪುತಳಾಬಾಯಿ ಎಂದು ಢಾಳಾಗಿ ಇತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡು ಫೋಟೊಗೆ ಕೂತಳು, ಅವನ ಫಾರಂ ಕೇಳಿದ್ದೂ ಹೆಬ್ಬೆಟ್ಟನ್ನೇ, ಒತ್ತಿದಳು, ಅವನಿಗೆ ಚಹಾ ಕುಡಿಸಿ ಕಳಿಸಿದಳು.

ಮೂರನೆಯ ದಿನ ಕಂಪನಿಯಿಂದ ಪತ್ರ ಬಂತು. ಪರಿಶೀಲನೆ ಮುಗಿದಿದೆ, ಅಭಿನಂದನೆ. ಅರವತ್ತೆಂಟರ ವಯಸ್ಸಿನಲ್ಲಿ ನಿಮ್ಮ ಚುರುಕುತನಕ್ಕೆ ಎಲ್ಲರೂ ಬೆರಗಾಗಿದ್ದಾರೆ. ಎಂಥ ಮುಖ ನಿಮ್ಮದು! ಸೋಮವಾರದಿಂದ ಅಂಕಣದ ಮೇಲೆ ಈ ಫೋಟೊ ಹಾಕುತ್ತೇವೆ.

ಸೌಂದರ್ಯಾ ಪತ್ರವನ್ನು ಎರಡು ಸಲ ಓದಿದಳು. ಬೆಲ್ಲದ ಕತೆಯ ಮೇಲೆ ಬೆಲ್ಲ ಕದ್ದವಳದೇ ಮುಖ ಬರಲಿತ್ತು. ಅದನ್ನು ಇಡೀ ಭಾಲ್ಕಿ ನೋಡುತ್ತದೆ. ಬೇಡವೆಂದರೆ ಸುಳ್ಳು ಹೊರಬಿದ್ದು ಕೆಲಸ ಹೋಗುತ್ತದೆ. ಆ ಮೂರು ತಾಸನ್ನು ಬಿಟ್ಟು ಬದುಕುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅತ್ತುಬಿಟ್ಟಳು.

ಶನಿವಾರ ಬೆಳಿಗ್ಗೆ ಬೀದರಿಗೆ ಹೋದಳು. ನೋಟರಿ ರಶೀದ ಅಹ್ಮದರು ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು ಕೂಡುತ್ತಾರೆ. ಎಲ್ಲ ಕೇಳಿ, ಬಾಯಲ್ಲಿದ್ದ ಪಾನು ಉಗುಳಿ ಬಂದು ಹೇಳಿದರು.

"ಬ್ಯಾರೆ ಹೆಸರಿನಾಗ ಬರಿಯೋದು ಗುನ್ಹೆ ಅಲ್ಲ ಬಾಯಿ. ಓದೋರಿಗೆ ನೀವು ಪ್ರಣಿತಾ ಅನ್ರಿ, ಮಹಾರಾಣಿ ಅನ್ರಿ. ಕರಾರಿಗಿ, ಇನ್‌ಕಮ್ ಟ್ಯಾಕ್ಸಿಗಿ ಮಾತ್ರ ಖರೇ ಹೆಸರು ಬೇಕು. ಆದ್ರ ಈಗ ನಿಮ್ಮ ಹೆಸರಿನ ಮ್ಯಾಲ ಇನ್ನೊಬ್ಬರ ಮಾರಿ ಕುಂತದ. ಗೊತ್ತಿದ್ದೂ ಸುಮ್ಮ ಕುಂತ್ರ ಅದು ಮೋಸ. ಅತ್ತಿನ ಕರ್ಕೊಂಡು ಬರ್ರಿ, ತಪ್ಪಾಗ್ಯಾದ ಅಂತ ಅವ್ರೇ ಹೇಳ್ಲಿ." ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ಅವ್ರ ಮಾತು ಇಷ್ಟೆಲ್ಲ ಬರ್ದೀರಿ. ಅವ್ರನ್ನ ಒಮ್ಮಿ ಕೇಳೀರೇನು?"

ಅವಳು ಟೇಬಲ್ಲಿನ ಮೇಲಿದ್ದ ಬೇವಿನ ಎಲೆಗಳನ್ನು ಒಂದೊಂದಾಗಿ ಸರಿಸಿದಳು.

ಮನೆಗೆ ಬಂದರೆ ಅತ್ತೆ ತೊಗರಿ ಬೇಳೆ ಆರಿಸುತ್ತ ಕೂತಿದ್ದಳು. ಸೌಂದರ್ಯಾ ಎದುರು ಕೂತು, ಬಾಗಿಲ ಕಡೆ ನೋಡುತ್ತ, ಎಲ್ಲ ಹೇಳಿದಳು.

"ಬೆಲ್ಲದ್ದೂ ಬರ್ದೀಯೇನ?"

"ಬರ್ದೇನಿ, ಅತ್ತಿ."

"ದೇವರ ಹೆಸರು ಹೇಳ್ತಿದ್ದದ್ದೂ?"

"ಹೂಂ."

ಅತ್ತೆ ಒಂದು ಕಲ್ಲು ಆರಿಸಿ ಎಸೆದಳು. "ಬೀದರಕ್ಕ ಈಗ ಬಸ್ಸದೇನು?"

ಬಸ್ಸಿನಲ್ಲಿ ಅತ್ತೆ ಟಿಕೆಟನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಸೌಂದರ್ಯಾಳಿಗೆ.

ರಶೀದ ಅಹ್ಮದರು ಅತ್ತೆಯನ್ನು ಕೇಳಿದರು, "ಈಕಿ ಹೆಸರು ಬದಲಿ ಮಾಡ್ದೋರು ನೀವೇ ಏನ್ರಿ?"

"ನಾನೇ. ನನ್ನ ಹೆಸರು ಆಕಿಗಿತ್ತು. ಒಂದ ಮನ್ಯಾಗ ಎರಡು ಹ್ಯಾಂಗ ಇರ್ತಾವ?"

"ನಿಮಗ ಹುಟ್ಟಿದಾಗಿಂದ ಪುತಳಾಬಾಯಿ ಅಂತಾನೇ ಹೆಸರು?"

"ಇಲ್ರಿ. ಅದೂ ಅಕ್ಕಿಯಾಗ ಬರ್ದದ್ದೇ. ತವರಮನಿ ಬಗದಲದಾಗ ನಮ್ಮವ್ವ ನನಗ ಸಖು ಅಂತಿದ್ಳು. ಇಲ್ಲಿ ನಮ್ಮತ್ತಿ ಹೆಸರು ಸಖುಬಾಯಿ ಇತ್ತು."

ಸೌಂದರ್ಯಾ ಅವಳನ್ನೇ ನೋಡಿದಳು. ಅಜ್ಜಿಯ ಹೆಸರು ಕಿತ್ತುಕೊಂಡಳೆಂದು ಹತ್ತು ವರ್ಷ ಒಳಗೊಳಗೇ ಉರಿದಿದ್ದಳು. ಕಿತ್ತುಕೊಂಡವಳ ಹತ್ತಿರವೂ ಇದ್ದದ್ದು ಬೇರೆಯವರು ಕೊಟ್ಟ ಹೆಸರೇ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಮರುಕವಾಯಿತು.

ಅಫಿಡವಿಟ್ಟು ಆಯಿತು. ಝೆರಾಕ್ಸ್ ಅಂಗಡಿಯಿಂದಲೇ ಕಂಪನಿಗೆ ಕಳಿಸಿದಳು. ಬಸ್ ಹತ್ತುವಷ್ಟರಲ್ಲಿ ಉತ್ತರ ಬಂತು: ಆ ಫೋಟೊ ಹಾಕುವುದಿಲ್ಲ, ನಿಜ ಹೆಸರಲ್ಲಿ ಹೊಸ ಕರಾರು ಮಾಡೋಣ, ಓದುಗರಿಗೆ ನೀವು ಪ್ರಣಿತಾ ಆಗಿಯೇ ಇರಿ.

"ಕೆಲಸ ಉಳೀತೇನ?" ಎಂದಳು ಅತ್ತೆ.

"ಉಳೀತ್ರಿ. ಇನ್ಮ್ಯಾಲ ನಿಮ್ಮ ಮಾತು ಬರಿಯಂಗಿಲ್ಲ."

"ಯಾಕ ಬರಿಯಂಗಿಲ್ಲ? ನನ್ನ ಬಿಟ್ರ ನಿನಗ ಮತ್ಯಾರ ಅದಾರ ಬರಿಲಿಕ್ಕ?" ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. "ಆದ್ರ ಪರಿಚಯದ ಅತ್ತಿ, ಪರಿಚಯದ ಅತ್ತಿ ಅನಬ್ಯಾಡ. ಸಖು ಅಂತ ಬರಿ. ಬೆಲ್ಲ ಸಖು ತಿಂದ್ಳು ಅಂತ ಬರಿ. ಯಾರಿಗೂ ಗೊತ್ತಾಗಲ್ಲ. ಆ ಹೆಸರಿನಿಂದ ನನ್ನ ಕರಿಯೋರು ಈಗ ಒಬ್ರೂ ಉಳದಿಲ್ಲ."